ಹುಣಸೆ ಸರಿಯ ಇಪ್ಪತ್ತು ಗೆರೆಗಳು

ಮೂರು ಪೊಟ್ಟಣಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಮೊದಲನೆಯದರಲ್ಲಿ ಉರುಟು ಸುತ್ತಿನ ಉಕ್ಕಿನ ತಂತಿ. ಅಂಗಡಿಯವರು ರೌಂಡ್‌ವೂಂಡ್ ಅನ್ನುತ್ತಾರೆ. ಬೆರಳೆಳೆದರೆ ಬಡಗಿಯ ಅರದ ಮೇಲೆ ಎಳೆದ ಹಾಗೆ ಗರಗರ ಅನ್ನುತ್ತದೆ, ನುಡಿಸಿದರೆ ಇಡೀ ಕಲ್ಯಾಣಮಂಟಪಕ್ಕೆ ಕೇಳುವ ಹಾಗೆ ಗುರುಗುಟ್ಟುತ್ತದೆ. ಎರಡನೆಯದು ಚಪ್ಪಟೆ ಸುತ್ತಿನದು. ಕೈಗೆ ನುಣುಪು, ಕಿವಿಗೆ ಮೆತ್ತಗೆ. ಮೂರನೆಯದರಲ್ಲಿ ಉಕ್ಕಿನ ಮೇಲೆ ಕರೀ ನೈಲಾನ್ ಪಟ್ಟಿ ಸುತ್ತಿದೆ. ಮರಕ್ಕೆ ಅದರಷ್ಟು ಸಾಧುವಾದ ತಂತಿ ಬೇರೆ ಇಲ್ಲ, ದನಿಯೂ ಅಷ್ಟೇ ಸಾಧು. ಸಾಮಾನ್ಯ ಬೇಸ್ ಗಿಟಾರಿನವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರ ತಂತಿ ಕೂರುವುದು ಗಿಟಾರಿನ ಕತ್ತಿನ ಹಲಗೆಯ ಮೇಲೆ ಅಡ್ಡಡ್ಡ ಬಡಿದಿರುವ ಲೋಹದ ಮೆಟ್ಟಿಲುಗಳ ಮೇಲೆ. ನನ್ನ ಗಿಟಾರಿಗೆ ಮೆಟ್ಟಿಲಿಲ್ಲ. ತಂತಿ ನೇರವಾಗಿ ಬೀಟೆಮರದ ಮೇಲೇ ಉಜ್ಜುತ್ತದೆ. ಉರುಟು ತಂತಿ ಹಾಕಿದರೆ ಸ್ವಲ್ಪ ಕಾಲದಲ್ಲೇ ನೇಗಿಲು ಹೊಡೆದ ಹಾಗೆ ಹಲಗೆಯ ತುಂಬ ಗೀರು ಬೀಳುತ್ತವೆ. ಹಲಗೆ ಉಳಿಯಬೇಕಾದರೆ ಮೆತ್ತನೆಯ ತಂತಿ, ದನಿ ಏಳಬೇಕಾದರೆ ಹರಿತದ ತಂತಿ. ಮೆಟ್ಟಿಲಿಲ್ಲದ ಬೇಸ್ ನುಡಿಸುವವರೆಲ್ಲ ಇದನ್ನು ತೂಗಿ ನೋಡಿಯೇ ನೋಡುತ್ತಾರೆ. ನಾನು ತೂಗುತ್ತಿದ್ದದ್ದು ಬೇರೆ. ನಮ್ಮ ದೊಡ್ಡಪ್ಪನ ಮಾನ ತೆಗೆಯುವುದಕ್ಕೆ ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ನೋಡುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಹಿರಿಯೂರಿನಲ್ಲಿ. ಮನೆಯೆಂದರೆ ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಅಡುಗೆಮನೆ, ಅಡುಗೆಮನೆಯ ನೆತ್ತಿಯ ಮೇಲೆ ಹಲಗೆ ಹಾಸಿದ ಅಟ್ಟ. ಅಟ್ಟದ ತುಂಬ ಉಣ್ಣೆ. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆತನ. ನನ್ನ ಕಾಲಕ್ಕೆ ಕುರಿಗಳೆಲ್ಲ ಮತ್ತೋಡಿನ ನೆಂಟರ ಪಾಲಾಗಿ ನಮ್ಮಲ್ಲಿ ಮಗ್ಗವೊಂದು ಉಳಿದಿತ್ತು. ಪಡಸಾಲೆಯ ನೆಲದಲ್ಲಿ ಮೊಣಕಾಲಿನ ಆಳದ ಗುಂಡಿ, ಅದರ ಮೇಲೆ ಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಬೆಳಗಿನಿಂದ ಊಟದ ಹೊತ್ತಿನ ತನಕ ನೇಯುತ್ತಿದ್ದ. ನೂಲಿಗೆ ಹಚ್ಚಲು ಅಜ್ಜಿ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಅಂಟಂಟಾದ ಗಂಜಿ ಮಾಡುತ್ತಿದ್ದಳು. ಅದಕ್ಕೆ ನಮ್ಮಲ್ಲಿ ಸರಿ ಅನ್ನುತ್ತಾರೆ. ಸರಿ ಹೀರಿ ಒಣಗಿದ ಕಂಬಳಿಯನ್ನು ಗೋಡೆಗೆ ಆನಿಸಿದರೆ ಕಾವಲುಗಾರನ ಹಾಗೆ ತಾನೇ ನಿಲ್ಲುತ್ತಿತ್ತು. ಇವತ್ತಿಗೂ ಎಲ್ಲಿಯಾದರೂ ಹುಣಸೆಬೀಜ ಹುರಿದ ವಾಸನೆ ಬಂದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಹಸಿವಾಗುತ್ತದೆ.

ಊಟವಾದ ಮೇಲೆ ಆ ಪಡಸಾಲೆ ದೊಡ್ಡಪ್ಪನ ಆರ್ಕೆಸ್ಟ್ರಾದ್ದು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ ತಿಪ್ಪೇಸ್ವಾಮಿ. ಮದುವೆ, ಗಣೇಶನ ಪೆಂಡಾಲು, ಎಲ್ಲಿ ಕರೆದರೂ ಸಿನಿಮಾ ಹಾಡು ಹಾಡುವ ತಂಡ ಕಟ್ಟಿದ್ದ. ಹಾಡುವವನೂ ಅವನೇ, ಯಜಮಾನನೂ ಅವನೇ, ಮನೆಯಲ್ಲಿ ಮೊದಲ ಮುದ್ದೆ ಬೀಳುವುದೂ ಅವನ ತಟ್ಟೆಗೇ. ಅವನು ಎಡಚ. ಚಿಕ್ಕಂದಿನಲ್ಲಿ ಅಜ್ಜಿ ಅವನ ಎಡಗೈಗೆ ಬಟ್ಟೆ ಕಟ್ಟಿ ಬಲಗೈಯಲ್ಲಿ ಉಣ್ಣುವುದನ್ನು ಕಲಿಸಿದ್ದಳಂತೆ. ಉಣ್ಣುವುದೊಂದು ಬಲಗೈಗೆ ಬಂತು, ಮಿಕ್ಕಿದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಅಪ್ಪ ಗಂಗಪ್ಪ ಆ ತಂಡದ ಬೇಸ್ ಗಿಟಾರಿನವನು. ದಾವಣಗೆರೆಯ ಯಾವುದೋ ಬ್ಯಾಂಡಿನವರು ಬಿಟ್ಟುಕೊಟ್ಟ ಗಿಟಾರು ಅದು, ಆಗ ಇಪ್ಪತ್ತು ಮೆಟ್ಟಿಲಿದ್ದವು. ಅಪ್ಪ ಅದನ್ನೂ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡೇ ನುಡಿಸುತ್ತಿದ್ದ. ಕಾಲಿನಲ್ಲಿ ಮಗ್ಗದ ತಾಳ, ಕೈಯಲ್ಲಿ ಹಾಡಿನದು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಅವನಿಗೆ ಅದೇ ಬೇಕಾಗಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಚಿತ್ರದುರ್ಗದಿಂದ ಒಬ್ಬರು ದೊಡ್ಡ ಆರ್ಕೆಸ್ಟ್ರಾದವರು ನಮ್ಮ ಮನೆಗೆ ಬಂದರು. ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ದೊಡ್ಡಪ್ಪ ಅವರ ಎದುರಿಗೆ ಮೂರು ಹಾಡು ಹಾಡಿದ. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಅವನ ದನಿ ಚೂರು ಕೆಳಕ್ಕೆ ಜಾರುತ್ತಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಂದವರು ಊರವರಲ್ಲ, ಅವರಿಗೆ ನಮ್ಮ ಮನೆಯ ಕಟ್ಟಳೆ ಗೊತ್ತಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ ಅಂದರು:

"ಹಾಡೋದು ಪರವಾಗಿಲ್ಲ ಸ್ವಾಮಿ, ಶ್ರುತಿ ಒಂಚೂರು ಇಳೀತೈತೆ. ಆ ಗುಂಡಿಯಾಗೆ ಕುಂತಿದ್ರಲ್ಲ, ಅವ್ರು ಯಾರು? ಅವ್ರ ಕೈ ನೋಡ್ರಿ, ಕೂದಲಷ್ಟೂ ಅಲ್ಲಾಡಲ್ಲ. ಅವ್ರನ್ನ ನಮ್ ಜೊತೆ ಕಳಿಸ್ರಿ."

ದೊಡ್ಡಪ್ಪ ನಕ್ಕ. ನಕ್ಕು, ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿದ. ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಲ್ಲು ಕಾಣುತ್ತಿದ್ದವು, ಕಣ್ಣು ಮಾತ್ರ ಅಪ್ಪನ ಕೈಯ ಮೇಲಿತ್ತು. ಅಪ್ಪ ತಲೆ ಎತ್ತದೆ ಸೊರಸೊರ ಸಾರು ಸುರಿಯುತ್ತಿದ್ದ. ಹೋಗುತ್ತೇನೆ ಅನ್ನಲಿಲ್ಲ, ಹೋಗುವುದಿಲ್ಲ ಅಂತಲೂ ಅನ್ನಲಿಲ್ಲ.

ಎರಡು ದಿನವಾದ ಮೇಲೆ ಅಪ್ಪ ಉಣ್ಣೆ ತರಲು ಹೊಸದುರ್ಗದ ಸಂತೆಗೆ ಹೋದ. ಅಜ್ಜಿ ಅಕ್ಕಪಕ್ಕದವರ ಮನೆಗೆ ಹೋಗಿದ್ದಳು. ನಾನು ಅಟ್ಟದ ಮೇಲೆ ಉಣ್ಣೆ ಬಿಡಿಸುತ್ತಿದ್ದೆ, ಅವ್ವ ಕೆಳಗೆ ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಆ ಕಡೆ ಈ ಕಡೆ ಓಡಾಡಿದರೆ ಅವಳಿಗೆ ಬೈಯುವ ಕೆಲಸ.

"ಲೇ ಸಾರ್ದಿ, ಮೆತ್ತಗೆ ಓಡಾಡೇ. ಧೂಳೆಲ್ಲ ಹಿಟ್ನಾಗೆ ಬೀಳ್ತೈತೆ."

ಆಗ ಪಡಸಾಲೆಯಿಂದ ಟಿಕ್ ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಅಟ್ಟದ ಅಂಚಿಗೆ ಹೋಗಿ ಗೋಡೆಯ ಸಂದಿನಲ್ಲಿ ಬಗ್ಗಿ ನೋಡಿದೆ. ದೊಡ್ಡಪ್ಪ ಮಗ್ಗದ ಪಕ್ಕ ನೆಲದಲ್ಲಿ ಕೂತು, ಗಿಟಾರಿನ ಹೊಟ್ಟೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಇಕ್ಕಳದಿಂದ ಮೆಟ್ಟಿಲು ಕೀಳುತ್ತಿದ್ದ. ಕಿತ್ತದ್ದನ್ನು ಕಡ್ಲೆಕಾಯಿ ಸಿಪ್ಪೆಯ ಹಾಗೆ ಪಕ್ಕಕ್ಕೆ ಇಡುತ್ತಿದ್ದ. ಅವಸರವಿರಲಿಲ್ಲ. ಕೊನೆಗೊಮ್ಮೆ ತಲೆ ಎತ್ತಿದಾಗ ನಾನು ಕಂಡೆ. ನನ್ನನ್ನು ನೋಡಿಯೂ ಅವನು ಬೆಚ್ಚಲಿಲ್ಲ. ಉಳಿದ ಒಂದು ಮೆಟ್ಟಿಲನ್ನು ಕಿತ್ತು, ಇಕ್ಕಳ ಹಿಡಿದುಕೊಂಡೇ ಎದ್ದ. ಬೈಗಿನಲ್ಲಿ ಅಪ್ಪ ಬಂದಾಗ ಇಕ್ಕಳ ಸಿಕ್ಕಿದ್ದು ನನ್ನ ಉಣ್ಣೆಬುಟ್ಟಿಯಲ್ಲಿ.

"ನಿನ್ ಮಗಳ ಘನಂದಾರಿ ಕೆಲ್ಸ ನೋಡಪ್ಪ ಗಂಗ. ಆಟ ಆಡಾಕೆ ಇದೇ ಸಿಕ್ತು ಇದಕ್ಕೆ" ಅಂದ ದೊಡ್ಡಪ್ಪ.

ನಾನಲ್ಲ, ದೊಡ್ಡಪ್ಪ ಕಿತ್ತದ್ದು, ನಾನು ಕಣ್ಣಾರೆ ನೋಡಿದೆ ಅಂದೆ. ಅಜ್ಜಿ ದೇವರಕೋಣೆಗೆ ಹೋಗಿ ಕರೀಕಂಬಳಿ ತಂದು ಪಡಸಾಲೆಯಲ್ಲಿ ಹಾಸಿದಳು. ನಾಲ್ಕು ಮೂಲೆಗೆ ಭಂಡಾರದ ಅರಿಶಿನ ಹಾಕಿದಳು. ಮನೆದೇವರನ್ನು ಕೂರಿಸುವ ಕಂಬಳಿ ಅದು. ಅದನ್ನು ಹಾಸಿದರೆ ಗದ್ದಿಗೆ. ಗದ್ದಿಗೆಯ ಮೇಲೆ ಕೂತು ಸುಳ್ಳಾಡಿದರೆ ನಾಲಗೆ ಬಿದ್ದುಹೋಗುತ್ತದೆ ಎಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಮೊದಲು ದೊಡ್ಡಪ್ಪ ಕೂತ. "ನಾನು ಮುಟ್ಟಿಲ್ಲವ್ವ, ಇವಳೇ ಕಿತ್ತಿದ್ದು" ಅಂದ. ಆಮೇಲೆ ನಾನು ಕೂತೆ. ಕಂಬಳಿ ಚುಚ್ಚುತ್ತಿತ್ತು. "ನಾನಲ್ಲ, ದೊಡ್ಡಪ್ಪ" ಅಂದೆ. ಅಜ್ಜಿ ಇಬ್ಬರನ್ನೂ ನೋಡಿದಳು. ಇಬ್ಬರಲ್ಲಿ ಒಬ್ಬರು ಗದ್ದಿಗೆಯ ಮೇಲೆ ಸುಳ್ಳಾಡಿದ್ದರು, ಮತ್ತೆ ಮನೆಯ ಹಿರಿಮಗ ಗದ್ದಿಗೆಯ ಮೇಲೆ ಸುಳ್ಳಾಡುವುದೆಂದರೆ ಮನೆಯೇ ಇಲ್ಲದ ಹಾಗೆ. ಹುಡುಗಿ ಸುಳ್ಳಾಡಿದರೆ ಹುಡುಗಿಗೆ ಏಟು, ಅಷ್ಟೇ.

ಏಟು ಕೊಟ್ಟವಳು ಅವ್ವ. ಮುದ್ದೆ ತೊಳಸುವ ಕೋಲಿನಲ್ಲಿ, ಬೆನ್ನಿನ ಮೇಲೆ. ಕೋಲಿನಲ್ಲಿ ಒಣಗಿದ ಹಿಟ್ಟು ಇತ್ತು, ಅದು ಪುಡಿಪುಡಿಯಾಗಿ ನನ್ನ ಜಂಪರಿನೊಳಗೆ ಇಳಿಯಿತು. ಅಪ್ಪ ತಡೆಯಲಿಲ್ಲ. ಅವನು ಬಾಗಿಲ ಬೆಳಕಿಗೆ ಗಿಟಾರನ್ನು ಹಿಡಿದು ಹಲಗೆಯನ್ನು ಓರೆಯಾಗಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಗಳ ಬೆನ್ನಿಗಿಂತ ಅವನಿಗೆ ಹಲಗೆಯೇ ಹೆಚ್ಚಾಯಿತೆಂದು ಅವತ್ತು ತಿಳಿದೆ. ಆ ಸಿಟ್ಟು ಅವನು ಸತ್ತ ಮೇಲೂ ಹೋಗಿರಲಿಲ್ಲ.

ಆಮೇಲೆ ನಾನು ದಿನವೂ ಊಟದ ಹೊತ್ತಿಗೆ ದೊಡ್ಡಪ್ಪನ ಎದುರಿಗೇ ಕೂರತೊಡಗಿದೆ. ಅವನ ನಾಲಗೆ ನೋಡುವುದಕ್ಕೆ. ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ. ಮುದ್ದೆ ನುಂಗುವಾಗ, ಉಪ್ಪಿನಕಾಯಿ ಚೀಪುವಾಗ, ಆಕಳಿಸುವಾಗ ಬಗ್ಗಿ ನೋಡುತ್ತಿದ್ದೆ. ದಪ್ಪಗೆ ಕೆಂಪಗೆ ಗಟ್ಟಿಮುಟ್ಟಾಗಿತ್ತು ನಾಲಗೆ. ಹಬ್ಬ ಬಂತು, ಹೋಯಿತು, ಅದು ಬೀಳಲಿಲ್ಲ. ನನಗೆ ಮಾತ್ರ ಒಂದು ಹೆಸರು ಬಿತ್ತು. ಇಕ್ಕಳ. ಇಕ್ಕಳ ಬಂದ್ಲು, ಇಕ್ಕಳ ಉಂಡ್ಲು. ಮದುವೆಗೆ ಹೋದರೆ, "ಏನವ್ವ ಇಕ್ಕಳ, ಚಪ್ಪರದ ಮೊಳೆ ಕೀಳಬ್ಯಾಡ". ಈಗ ನನಗೆ ಐವತ್ತು ಮೀರಿದೆ, ಹೊಳಲ್ಕೆರೆಯಲ್ಲಿ ಹೈಸ್ಕೂಲು ಟೀಚರು, ದೊಡ್ಡಪ್ಪನ ಮೊಮ್ಮಕ್ಕಳು ಇವತ್ತಿಗೂ ಇಕ್ಕಳತ್ತೆ ಅನ್ನುತ್ತವೆ. ಅದೆಲ್ಲ ಹಾಳಾಗಿ ಹೋಗಲಿ. ಉರಿಯುತ್ತಿದ್ದದ್ದು ಒಂದೇ: ಮನೆಗೆ ಹೊಸ ಸೊಸೆ ಬಂದಾಗಲೆಲ್ಲ ಅವ್ವ ಆ ಕತೆಯನ್ನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಹೇಳುತ್ತಿದ್ದಳು. "ಗದ್ದಿಗೆ ಮೇಲೆ ಕುಂತೂ ಸುಳ್ಳಾಡಿದ್ಲು ನೋಡವ್ವ, ಎಂಥ ಗಟ್ಟಿಗಿತ್ತಿ." ಅವ್ವನಿಗೆ ಈಗ ಎಂಬತ್ತರ ಮೇಲಾಗಿದೆ, ನನ್ನ ಜೊತೆಯಲ್ಲೇ ಇದ್ದಾಳೆ. ಅವಳ ಕಣ್ಣು ಮುಚ್ಚುವುದರೊಳಗೆ, ಅವತ್ತು ಗದ್ದಿಗೆಯ ಮೇಲೆ ನಿಜ ಹೇಳಿದವಳು ನಾನು ಎಂದು ಅವಳಿಗೆ ಗೊತ್ತಾಗಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅಪ್ಪ ಆ ಗಿಟಾರನ್ನು ಬಿಸಾಡಲಿಲ್ಲ. ಅಜ್ಜಿಯ ಸರಿಗೆ ಮರದ ಹುಡಿ ಕಲಸಿ, ಮೆಟ್ಟಿಲು ಕಿತ್ತ ಇಪ್ಪತ್ತು ಸೀಳುಗಳಿಗೂ ಬೆರಳಿನಿಂದ ತುಂಬಿದ. ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿದ. ಕಪ್ಪು ಹಲಗೆಯ ಮೇಲೆ ಕಂದು ಬಣ್ಣದ ಇಪ್ಪತ್ತು ಗೆರೆ ಎದ್ದವು. ಮೆಟ್ಟಿಲು ಹೋದರೂ ಅದರ ಜಾಗ ಉಳಿಯಿತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಪ್ರತಿ ಗೆರೆಯ ಒಂದು ತುದಿಗೆ ಹಲಗೆಯ ಅಂಚಿನಲ್ಲಿ ಸಣ್ಣಗೆ ಚೆಕ್ಕೆ ಹಾರಿತ್ತು.

"ಅಂಚಿನ ಹಳ್ಳಕ್ಕೂ ತುಂಬಪ್ಪ. ಚೆನ್ನಾಗಿ ಕಾಣ್ತೈತೆ."

"ಬ್ಯಾಡ. ಅದು ಹಂಗೇ ಇರ್ಲಿ."

ಚಿತ್ರದುರ್ಗದವರ ತಂಡಕ್ಕೆ ಅಪ್ಪ ಹೋಗಲಿಲ್ಲ. ಮೆಟ್ಟಿಲಿಲ್ಲದ ಗಿಟಾರಿನಲ್ಲಿ ಸ್ವರ ಹಿಡಿಯಲು ಅವನಿಗೇ ಒಂದು ವರ್ಷ ಹಿಡಿಯಿತು. ಆ ವರ್ಷವೆಲ್ಲ ನನ್ನನ್ನೂ ಗುಂಡಿಯ ಪಕ್ಕ ಕೂರಿಸಿಕೊಂಡ. ನನಗೆ ಬೇಸ್ ಬಂದದ್ದು ಹೀಗೆ, ಅವನ ಮೇಲೆ ಸಿಟ್ಟಿಟ್ಟುಕೊಂಡೇ. ನುಡಿಸಿದ ಮೇಲೆ ತಂತಿಯ ಬೆವರನ್ನು ಉಣ್ಣೆಬಟ್ಟೆಯಲ್ಲಿ ಒರೆಸಬೇಕು. ಹಲಗೆಗೆ ಹಬ್ಬಕ್ಕೊಮ್ಮೆ ಅಗಸೆಎಣ್ಣೆ, ಎರಡೇ ತೊಟ್ಟು. ಸ್ವರ ನಡುಗಿಸುವಾಗ ಬೆರಳನ್ನು ಅಡ್ಡ ಎಳೆಯಬಾರದು, ತಂತಿಯ ಉದ್ದಕ್ಕೆ ಉರುಳಿಸಬೇಕು. ಅಡ್ಡ ಎಳೆದರೆ ಮರ ಸವೆಯುತ್ತದೆ. ತಂತಿ ಬದಲಿಸುವಾಗ ಒಂದೊಂದೇ ಬಿಚ್ಚಬೇಕು, ನಾಲ್ಕೂ ಒಟ್ಟಿಗೆ ಬಿಚ್ಚಿದರೆ ಕತ್ತು ಸೊಟ್ಟಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಹರಿತದ ತಂತಿ ಹಾಕಬಾರದು. ಬೆಂಗಳೂರಿಗೆ ಹೋದವರ ಕೈಯಲ್ಲಿ ಹೇಳಿ ಕಳಿಸಿ ಚಪ್ಪಟೆ ತಂತಿಯನ್ನೇ ತರಿಸುತ್ತಿದ್ದ, ಸಿಗದಿದ್ದರೆ ಹಳೆಯದನ್ನೇ ಬಿಸಿನೀರಿನಲ್ಲಿ ಕುದಿಸಿ ಹಾಕುತ್ತಿದ್ದ. ಕೊನೆಗೆ ಹಾಸಿಗೆ ಹಿಡಿದಾಗ ಗಿಟಾರಿನ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ ಹೇಳಿದ್ದೂ ಅದನ್ನೇ.

"ಹರಿತದ ತಂತಿ ಹಾಕಬ್ಯಾಡ ಕಣವ್ವ. ಎಷ್ಟ್ ವರ್ಷ ಆದ್ರೂ ಹಲಗೆ ಹಂಗೇ ಇರ್ಬೇಕು."

ಪೆಟ್ಟಿಗೆಯ ಮೂಲೆಯಲ್ಲಿ ಆ ಇಕ್ಕಳವೂ ಇತ್ತು. ತಂತಿಯ ತುದಿ ಮುರಿಯಲು ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ಸಾಯುವ ಹೊತ್ತಿಗೂ ಹಲಗೆಯ ಚಿಂತೆಯೇ ಎಂದು ಮನಸ್ಸಿನಲ್ಲೇ ಬೈದೆ.

ಈಗ ಆ ಮೂರು ಪೊಟ್ಟಣಗಳ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ದೊಡ್ಡಪ್ಪನ ಫೋನು ಬಂತು. ಅವನಿಗೂ ಎಂಬತ್ತು ದಾಟಿದೆ, ದನಿ ಮಾತ್ರ ಇನ್ನೂ ಮೈಕಿನ ಮುಂದೆ ನಿಂತ ಹಾಗೆ.

"ಸಾರ್ದಾ, ಚಿತ್ರದುರ್ಗದಾಗೆ ನಮ್ಮೋರೆಲ್ಲ ಸೇರಿ ನಂಗೆ ಕಂಬಳಿ ಹೊದಿಸ್ತಾರಂತೆ. ಒಂದು ಹಾಡು ಹಾಡ್ತೀನಿ. ಬೇಸ್ ನೀನೇ ನುಡಿಸ್ಬೇಕು. ನಿಮ್ಮಪ್ಪಂದು ಅದೇ ಗಿಟಾರು ತಗಂಬಾ. ಇಕ್ಕಳ ಮಾತ್ರ ತರಬ್ಯಾಡ."

ಫೋನಿನಲ್ಲೇ ಕೆಮ್ಮು ಬರುವ ತನಕ ನಕ್ಕ. ನಾನೂ ನಕ್ಕೆ. "ಆಗ್ಲಿ ದೊಡ್ಡಪ್ಪ, ಬರ್ತೀನಿ" ಅಂದೆ. ಫೋನಿಟ್ಟು, ಪೆಟ್ಟಿಗೆಯಿಂದ ಗಿಟಾರು ತೆಗೆದೆ.

ಮೆಟ್ಟಿಲಿಲ್ಲದ ಬೇಸಿನಲ್ಲಿ ಸ್ವರವನ್ನು ಎಲ್ಲಿ ಬೇಕಾದರೂ ಇಡಬಹುದು. ಬೆರಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಜಾರಿಸಿದರೆ ಸ್ವರವೂ ಅಷ್ಟೇ ಜಾರುತ್ತದೆ. ಹಾಡುವವನು ಶ್ರುತಿ ಹಿಡಿಯುವುದು ಬೇಸಿನಿಂದ. ಅದರಲ್ಲೂ ಮುದುಕರು, ಕಿವಿ ಮಂದವಾದವರು, ಕಾಲಿನಡಿಯ ನೆಲವನ್ನು ನಂಬಿದ ಹಾಗೆ ಅದನ್ನು ನಂಬುತ್ತಾರೆ. ಸಾಲಿಗಿಷ್ಟು ಜಾರಿಸಿಕೊಂಡು ಹೋದರೆ ಅವನೂ ಜಾರಿಕೊಂಡು ಬರುತ್ತಾನೆ, ಕೀಬೋರ್ಡಿನವನು ಮೇಲೆಯೇ ಉಳಿಯುತ್ತಾನೆ, ನೆಂಟರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಹೆಗಲ ಮೇಲೆ ಕಂಬಳಿ, ಗಂಟಲಲ್ಲಿ ಅಪಸ್ವರ. ಗದ್ದಿಗೆ ಮಾಡದಿದ್ದ ಕೆಲಸವನ್ನು ನಾನೇ ಮಾಡುತ್ತೇನೆ ಎಂದುಕೊಂಡೆ. ಮೆಟ್ಟಿಲು ಕಿತ್ತು ಆ ದಾರಿ ಮಾಡಿಕೊಟ್ಟವನೂ ಅವನೇ. ಅದಕ್ಕೆ ನನ್ನ ದನಿ ಸಭೆಯ ಮೂಲೆಮೂಲೆಗೂ ಕೇಳಬೇಕು, ಎಂದರೆ ಉರುಟು ತಂತಿಯೇ ಆಗಬೇಕು. ಉರುಟು ತಂತಿ ಹಾಕಿದರೆ ಸರಿಯ ಗೆರೆಗಳು ಕಿತ್ತುಕೊಂಡು ಬರುತ್ತವೆ. ಹಲಗೆಗೆ ಗಾಜಿನಂಥ ಗಟ್ಟಿ ಅಂಟಿನ ಲೇಪ ಹೊಡೆಸಿಬಿಟ್ಟರೆ ಎರಡೂ ಆಗುತ್ತದೆ ಎಂದು ಯೋಚಿಸಿ, ಮೂರು ಪೊಟ್ಟಣಗಳನ್ನೂ ಚೀಲಕ್ಕೆ ಹಾಕಿಕೊಂಡು, ಗಿಟಾರು ಹೊತ್ತು ಚಿತ್ರದುರ್ಗದ ಬಸ್ಸು ಹತ್ತಿದೆ.

ಹಾರ್ಮೋನಿಯಂ ರಿಪೇರಿ ಮಾಡುವ ಬಾಷಾ ಸಾಬರ ಅಂಗಡಿ ಒಂದು ಗಲ್ಲಿಯಲ್ಲಿದೆ. ವಯಸ್ಸಾದವರು, ಮಾತು ಕಡಿಮೆ. ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಿಚ್ಚಿದರು. ಅಪ್ಪನ ಕಟ್ಟಳೆ ಮುರಿಯಿತು. ಅಪ್ಪ ಸರಿ ತುಂಬಿದ ಮೇಲೆ ಬರೀ ಹಲಗೆಯನ್ನು ನಾನು ಅಷ್ಟು ವರ್ಷಗಳಲ್ಲಿ ನೋಡಿರಲೇ ಇಲ್ಲ. ಅವರು ಅದನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಕೋಟು ಹೊಡೀಬೌದು ಮೇಡಂ. ಆದ್ರೆ ಈ ಗುರುತೆಲ್ಲ ಮುಚ್ಚೋಗ್ತವೆ. ತುಂಬಿರೋರು ಬೇಕಂತ್ಲೇ ಬಿಟ್ಟಂಗೈತೆ."

"ಯಾವ ಗುರುತು?"

"ಇಲ್ನೋಡ್ರಿ. ಇಕ್ಕಳ ಹಾಕಿ ಎಬ್ಬಿಸಿದ ಕಡೆ ಚೆಕ್ಕೆ ಹಾರ್ತೈತೆ. ಮಂಡಿ ಮಧ್ಯೆ ಇಟ್ಕಂಡು ಬಲಗೈಯೋರು ಕಿತ್ರೆ ಸಣ್ಣ ತಂತಿ ಕಡೆ ಅಂಚು ಹಾರ್ಬೇಕು. ಇಲ್ಲಿ ಇಪ್ಪತ್ಕಿಪ್ಪತ್ತೂ ದಪ್ಪ ತಂತಿ ಕಡೆ ಹಾರೈತೆ. ಕಿತ್ತೋನು ಎಡಚ."

ಆಮೇಲೆ ಅವರು ಮೊದಲನೇ ಗೆರೆಯಲ್ಲಿ ಹಳೆಯ ಮೆಟ್ಟಿಲಿನ ಒಂದು ಚೂರು ಒಳಗೇ ಮುರಿದು ಉಳಿದಿದೆ, ತೆಗೆಯಲೇ ಎಂದು ಕೇಳಿದರು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತೆ. ಅವತ್ತು ಅಪ್ಪ ಬಾಗಿಲ ಬೆಳಕಿಗೆ ತಿರುಗಿಸಿ ನೋಡುತ್ತಿದ್ದದ್ದು ಇದನ್ನು. ನೇಯುವವನಿಗೆ ಯಾವ ಅಂಚು ಯಾವ ಕೈಯದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ಅಲ್ಲೇ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ಅಣ್ಣನ ಮುಂದೆ ಬಾಯಿ ಬಾರದವನು ಬದುಕಿರುವ ತನಕ ಚಪ್ಪಟೆ ತಂತಿ ಹಾಕಿ, ಎಣ್ಣೆ ಒರೆಸಿ, ನನ್ನ ಸಾಕ್ಷಿಯನ್ನು ಕಾಪಾಡಿದ್ದ. ಮರವನ್ನಲ್ಲ. ಇದಕ್ಕೆ ಸಂತೋಷಪಡಬೇಕೋ ಹೇಡಿ ಎನ್ನಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಸಾಬರು ಟೀ ತರಿಸಿದರು. ಕೋಟು ಬೇಡ, ಆ ಚೂರು ಅಲ್ಲೇ ಇರಲಿ, ಕರೀ ನೈಲಾನ್ ತಂತಿ ಹಾಕಿಕೊಡಿ ಎಂದೆ.

ಸನ್ಮಾನದ ದಿನ ನಾನು ಕೂದಲೆಳೆಯಷ್ಟೂ ಜಾರಲಿಲ್ಲ. ಅವನು ಇಳಿಯಲು ನೋಡಿದಾಗಲೆಲ್ಲ ಕೆಳಗಿನಿಂದ ಎತ್ತಿ ಹಿಡಿದೆ. ಅವನು ಜನ್ಮದಲ್ಲಿ ಅಷ್ಟು ಶುದ್ಧವಾಗಿ ಹಾಡಿರಲಿಲ್ಲ. ಜನ ಚಪ್ಪಾಳೆ ಹೊಡೆದರು, ಕಂಬಳಿ ಹೊದಿಸಿದರು, ಪೇಟ ಇಟ್ಟರು. ಏರಲಿ, ಇನ್ನೂ ಏರಲಿ, ಬೀಳುವಾಗ ಎತ್ತರದಿಂದಲೇ ಬೀಳಲಿ ಎಂದುಕೊಂಡೆ. ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಮನೆಯವರೆಲ್ಲ ಫೋಟೋಕ್ಕೆ ಸೇರಿದರು. ದೊಡ್ಡಪ್ಪ ಕುರ್ಚಿಯಲ್ಲಿ ಕೂತಿದ್ದ, ಕಂಬಳಿಯ ಒಂದು ಅಂಚು ಅವನ ಕೆಳಗೆ ಸಿಕ್ಕಿಕೊಂಡಿತ್ತು. ಅವ್ವ ಅವನ ಎದುರಿಗೆ, ಸೊಸೆಯಂದಿರ ನಡುವೆ. ನಾನು ಗಿಟಾರನ್ನು ಅವನ ಮಂಡಿಯ ಮೇಲಿಟ್ಟು, ತಂತಿಗಳನ್ನು ಸಡಿಲಿಸಿ, ಚೀಲದಿಂದ ಇಕ್ಕಳ ತೆಗೆದೆ.

"ದೊಡ್ಡಪ್ಪ, ಮೊದಲ್ನೇ ಗೆರೆಯಾಗೆ ಹಳೇ ಮೆಟ್ಲು ಚೂರು ಉಳ್ದೈತೆ. ನನ್ ಕೈಲಿ ಆಗ್ತಿಲ್ಲ. ಒಂಚೂರು ಎಬ್ಬಿಸಿ ಕೊಡ್ರಿ."

"ಇಕ್ಕಳದೋಳ ಕೈಲೇ ಆಗ್ದಿದ್ದು ನನ್ ಕೈಲಿ ಆಗ್ತೈತಾ?"

ಎಲ್ಲರೂ ನಕ್ಕರು. ಅವನು ಗಿಟಾರಿನ ಹೊಟ್ಟೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡ. ಕೈ ಚಾಚಿದ. ಎಡಗೈ. ಇಕ್ಕಳದ ಬಾಯಿ ನೇರವಾಗಿ ದಪ್ಪ ತಂತಿಯ ಕಡೆಯ ಅಂಚಿಗೆ ಹೋಗಿ, ಚೆಕ್ಕೆ ಹಾರಿದ ಹಳ್ಳದಲ್ಲಿ ಮುಚ್ಚಳದ ಹಾಗೆ ಕೂತುಕೊಂಡಿತು.

"ಹಂಗೇ ಇರ್ರಿ ದೊಡ್ಡಪ್ಪ. ಅಲ್ಲಾಡಬ್ಯಾಡ್ರಿ. ಎಲ್ರೂ ಬಂದು ನೋಡ್ರಿ."

ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ. ಎಡಗೈಯವರು ಯಾವ ಅಂಚಿನಿಂದ ಎಬ್ಬಿಸುತ್ತಾರೆ, ಬಲಗೈಯವರು ಯಾವ ಅಂಚಿನಿಂದ, ಇಪ್ಪತ್ತು ಗೆರೆಗೂ ಹಳ್ಳ ಯಾವ ಕಡೆ ಇದೆ. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಆಮೇಲೆ ಚಾಕ್‌ಪೀಸು ಹಿಡಿಯುವ ನನ್ನ ಬಲಗೈ ಎತ್ತಿ ತೋರಿಸಿದೆ. ಯಾರೂ ನಗಲಿಲ್ಲ.

"ಕಂಬಳಿ ಮೇಲೇ ಕುಂತಿದೀರಿ ದೊಡ್ಡಪ್ಪ. ಈಗ ಹೇಳ್ರಿ."

ಅವನ ಬಾಯಿ ತೆರೆಯಿತು. ನಾಲಗೆ ಆಡಿತು, ಮಾತು ಬರಲಿಲ್ಲ. ಚಿಕ್ಕಂದಿನಲ್ಲಿ ಎಷ್ಟೋ ಊಟಗಳಲ್ಲಿ ನಾನು ಕಾದಿದ್ದದ್ದು ಈ ನೋಟಕ್ಕೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಅವನು ಕೇಳಿದ್ದು ಒಂದೇ ಮಾತು.

"ಗಂಗಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಗುರುತು ಅಳಿಸಬಾರ್ದು ಅಂತ್ಲೇ ಸಾಯೋತನಕ ಮೆತ್ತನೆ ತಂತಿ ಹಾಕ್ದ."

ಇಕ್ಕಳ ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಯಾರೋ ಎತ್ತಿಕೊಳ್ಳಲು ಬಗ್ಗಿದರು. ನಾನು ಅವ್ವನ ಕಡೆ ತಿರುಗಿದೆ. ಅವಳು ಹಲಗೆಯ ಕಡೆ ನೋಡುತ್ತಲೇ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. "ಹೋಗಾಣ ನಡಿ, ಬಸ್ಸು ತಪ್ಪೋಗ್ತೈತೆ" ಅಂದಳು.

ಹೊಳಲ್ಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವ, ನನ್ನ ಮಂಡಿಗಳ ನಡುವೆ ಗಿಟಾರು. ಊರು ದಾಟುವ ತನಕ ತಡೆದುಕೊಂಡೆ.

"ಈಗಾದ್ರೂ ನಂಬ್ತೀಯೇನವ್ವ ನನ್ನ?"

"ನಂಬೋದೇನ್ ಬಂತು. ನಂಗೆ ಅವತ್ತೇ ಗೊತ್ತಿತ್ತು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ಅವಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು.

"ಪಡಸಾಲ್ಯಾಗೆ ಟಿಕ್ ಟಿಕ್ ಅಂತಿದ್ದಾಗ ನೀನು ನನ್ ತಲೆ ಮೇಲೇ ಇದ್ದೆ. ಹಿಟ್ಟಿಗೆ ಧೂಳು ಬೀಳ್ತೈತೆ ಅಂತ ನಾನೇ ಬೈದಿದ್ನಲ್ಲ. ಎರಡು ಕಡೆ ಹೆಂಗಿರ್ತೀಯ ನೀನು?"

"ಮತ್ತೆ ಯಾಕೆ ಹೊಡ್ದೆ?"

"ಭಾವಂಗೆ ಹೊಡ್ಯಾಕೆ ಆಗ್ತಿತ್ತೇನೇ? ನಾನು ಬಾಯಿ ಬಿಟ್ಟಿದ್ರೆ ಅವತ್ತೇ ಮನೆ ಎರಡಾಗ್ತಿತ್ತು. ಯಾರ್ಗಾದ್ರೂ ಹೊಡೀಲೇಬೇಕಿತ್ತು. ನಿನ್ ಬೆನ್ನು ಸಿಕ್ತು."

"ಬಂದೋರ ಮುಂದೆಲ್ಲ ನಗ್ತಾ ಹೇಳ್ತಿದ್ಯಲ್ಲವ್ವ."

"ಹೇಳ್ತಾ ಹೇಳ್ತಾ ಅದೇ ನಿಜ ಆಗೋಯ್ತು ಕಣವ್ವ."

ಅಷ್ಟು ಹೇಳಿ, ಚೀಲದಿಂದ ಸನ್ಮಾನದ ಲಾಡು ತೆಗೆದು ಮುರಿದು ಅರ್ಧ ನನಗೆ ಕೊಟ್ಟಳು. ನಾನು ಕೈ ಚಾಚಲಿಲ್ಲ. ಅವಳೇ ತಿಂದಳು.

ಮಾರನೇ ದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಗಿಟಾರನ್ನು ಮಲಗಿಸಿ ಕರೀ ತಂತಿಗಳನ್ನು ಬಿಚ್ಚಿದೆ. ಒಂದೊಂದಾಗಿ ಅಲ್ಲ, ನಾಲ್ಕನ್ನೂ ಒಟ್ಟಿಗೆ. ಕಾಪಾಡುವುದಕ್ಕೆ ಇನ್ನು ಏನಿದೆ? ಸಾಕ್ಷಿ ಯಾರಿಗೆ ಬೇಕಾಗಿತ್ತೋ ಅವಳು ಮೊದಲಿನಿಂದಲೂ ಸಾಕ್ಷಿಯಾಗಿದ್ದಳು. ಮೊದಲನೇ ಪೊಟ್ಟಣ ಒಡೆದು ಉರುಟು ತಂತಿ ಹಾಕಿದೆ, ಬಿಗಿ ಮಾಡಿದೆ, ದಪ್ಪ ತಂತಿಯ ಮೇಲೆ ಬೆರಳನ್ನು ಅಡ್ಡಕ್ಕೆ ಎಳೆದೆ. ಹಲಗೆ ಗರ್ ಎಂದಿತು. ಮೊದಲನೇ ಗೆರೆಯಿಂದ ಸರಿಯ ಹುಡಿ ಚೂರು ಎದ್ದು ನನ್ನ ಬೆರಳಿಗೆ ಮೆತ್ತಿಕೊಂಡಿತು. ಆಂಪ್ಲಿಫೈಯರಿನ ದನಿ ಏರಿಸಿ ನುಡಿಸತೊಡಗಿದೆ. ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಸದ್ದು ನಿಂತಿತು.

"ಏನೇ ಸಾರ್ದಿ ಅದು, ಇಷ್ಟು ಜೋರು?"

"ಕೇಳಿಸ್ತೈತೇನವ್ವ?"

"ಕೇಳಿಸ್ತೈತೆ ಕಣೇ, ಸಾಕು."

ನಾನು ದನಿಯನ್ನು ಇನ್ನೂ ಸ್ವಲ್ಪ ಏರಿಸಿದೆ.